ಎಲೆಗಿಂತ ಮೊದಲು ಬಂದ ಹೂವು

5 ಜುಲೈ 2003, ಶನಿವಾರ ರಾತ್ರಿ

ಸಾರಿ ಆರತಿ, ನೀನು ಆಸ್ಪತ್ರೆಯಲ್ಲಿರುವಾಗ ನಾನಿಲ್ಲಿ ಡೈರಿ ಬರೆಯುತ್ತಿದ್ದೇನೆ. ಬೇರೇನೂ ತೋಚುತ್ತಿಲ್ಲ.

ಬೆಳಿಗ್ಗೆ ಗುಡ್ಡದ ಕಾಡಿನಲ್ಲಿ ಆ ಉದ್ದನೆಯ ಎಲೆ ತೋರಿಸಿ, ಮಳೆಗಾಲಕ್ಕೆ ಇಲ್ಲಿಯವರು ತಿನ್ನುವ ಕುಲು ಭಾಜಿ ಇದೇ ಎಂದವಳು ನಾನು. ಗಿಡ ಸಾಯಬಾರದೆಂದು ಗಡ್ಡೆ ಕೀಳದೆ ಎಲೆ ಮಾತ್ರ ಕೊಯ್ದೆವು. ಹಾಸ್ಟೆಲ್ ರೂಮಿನ ಸ್ಟೋವ್ ಮೇಲೆ ಪಲ್ಯ ಮಾಡಿದೆವು. ಕಹಿ ಎಂದು ನಾನು ಉಗುಳಿದೆ.

"ಕಾನ್ವೆಂಟ್ ನಾಲಿಗಿ ನಿಂದು! ಅಡವಿ ಭಾಜಿ ಕಹಿನೇ ಇರ್ತದ, ಇಲ್ಲಿ ತಾ," ಎಂದು ನಕ್ಕು ನನ್ನ ಪಾಲನ್ನೂ ನೀನೇ ತಿಂದೆ.

ಸಂಜೆ ನಿನಗೆ ವಾಂತಿ ಶುರುವಾಯಿತು. ವಾರ್ಡನ್ ಮೇಡಂ ರಿಕ್ಷಾದಲ್ಲಿ ಕರೆದೊಯ್ದ ಮೇಲೆ ಕಾಡುಗಿಡಗಳ ಪುಸ್ತಕ ತೆರೆದೆ. ಕುಲು ಮೊದಲು ಎಲೆ ಬಿಡುತ್ತದೆ, ಆಮೇಲೆ ಹೂ. ಅದರಂಥದೇ ಎಲೆಯ ಕಾಡು ಉಳ್ಳಾಗಡ್ಡಿ ಬೇಸಿಗೆಯಲ್ಲೇ ಹೂಬಿಟ್ಟು, ಕಾಯಿ ಒಣಗಿದ ಮೇಲೆ ಎಲೆ ಬಿಡುತ್ತದೆ. ಅದು ವಿಷ. ನಾವು ಕೊಯ್ದ ಎಲೆಗಳ ನಡುವೆ ಒಣ ದಂಟಿತ್ತು, ಅದರ ತುದಿಯಲ್ಲಿ ಒಡೆದ ಕಾಯಿಗಳು, ಕಪ್ಪು ಬೀಜ. ಅಡ್ಡವಾಗುತ್ತದೆಂದು ನಾನೇ ಅದನ್ನು ಮುರಿದು ಎಸೆದಿದ್ದೆ.

ಮೇಡಂ ಮೊಬೈಲಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಡಾಕ್ಟರರಿಗೆ ತಿಳಿಸುತ್ತೇನೆಂದು ಫೋನ್ ಇಟ್ಟವರು ಮತ್ತೆ ಮಾಡಿಲ್ಲ. ನಿನ್ನ ಹಾಸಿಗೆ ಕಡೆ ನೋಡಲು ಭಯವಾಗುತ್ತಿದೆ.

ಆರತಿ, ಹೇಗಿದ್ದೀಯೇ? ಬೇಗ ಒಂದು ಮಾತು ಹೇಳಿ ಕಳಿಸು.