ಉಡಿದಾರಕ್ಕೆ ಸಿಕ್ಕಿಸಿದ ಪಿಸ್ತೂಲು

ಫೆಬ್ರವರಿ 18, ಮಂಗಳವಾರ. ನಾರ್ತ್ ಲೇಕ್ಸ್, ಬ್ರಿಸ್ಬೇನ್

ಶರ್ಟುಗಳ ಇಸ್ತ್ರಿ ಮುಗಿಯಿತು. ಎಲ್ಲ ಹೊಸವು, ಎಲ್ಲ ಎರಡು ಸೈಜ್ ದೊಡ್ಡವು. ಇವರು ದಪ್ಪವಾದರೆಂದಲ್ಲ — ಒಳಗೆ ಪಿಸ್ತೂಲು ಹಿಡಿಸಬೇಕಂತೆ. ಥೂ.

ಜನವರಿಯಲ್ಲಿ ಯಾರೋ ಕಾರಿನ ಗಾಜು ಒಡೆದು ಕೂಲಿಂಗ್ ಗ್ಲಾಸು, ಮಗಳು ಸಿರಿಯ ಈಜಿನ ಬ್ಯಾಗು ಎತ್ತಿಕೊಂಡು ಹೋದರು. ಅಂದಿನಿಂದ ನನ್ನ ಗಂಡ ಉತ್ತಮ್ ಅಮೆರಿಕದವರ ವಿಡಿಯೋ ಮುಂದಿನಿಂದ ಏಳುತ್ತಿಲ್ಲ. ಬಟ್ಟೆಯೊಳಗೆ ಬಚ್ಚಿಟ್ಟುಕೊಂಡು ದಿನಾ ಓಡಾಡಲು ಯಾವ ಗನ್ ಒಳ್ಳೆಯದು, ಮೈಮೇಲೆ ಎಲ್ಲಿ ಸಿಕ್ಕಿಸಬೇಕು... ಈ ದೇಶದಲ್ಲಿ ನಮ್ಮಂಥವರಿಗೆ ಅದನ್ನು ಯಾರು ಕೊಡುತ್ತಾರೆ? ಅದಕ್ಕೇ ಜೆಲ್ ಬ್ಲಾಸ್ಟರ್. ನೀರಲ್ಲಿ ನೆನೆಸಿದ ಜೆಲ್ಲಿ ಗುಂಡು ಹಾರಿಸುವ ಆಟಿಕೆ. ನೋಡಲು ಥೇಟ್ ಅಸಲಿ. ಕ್ವೀನ್ಸ್‌ಲ್ಯಾಂಡಿನಲ್ಲಿ ಅಂಗಡಿಯಲ್ಲೇ ಸಿಗುತ್ತದೆ.

ಅದರಲ್ಲೂ ಆಯ್ಕೆ! ದೊಡ್ಡದು ಶರ್ಟಿನಲ್ಲಿ ಎದ್ದು ಕಾಣುತ್ತದೆ. ಚಿಕ್ಕದಕ್ಕೆ ಬೆರಳು ಹಿಡಿಸುವುದಿಲ್ಲ. ಕೊನೆಗೆ ನಡುವಿನದು, "ಕಾಂಪ್ಯಾಕ್ಟ್". ನನ್ನನ್ನು ನೋಡಲು ಬಂದಾಗಲೂ ಈ ಮನುಷ್ಯ ಇಷ್ಟು ಯೋಚಿಸಿರಲಿಲ್ಲ.

"ಹಂಸಾ, ಸೈಡಿಂದ ನೋಡು. ಗೊತ್ತಾಗತ್ತಾ?"

"ಹೊಟ್ಟೆ ಗೊತ್ತಾಗತ್ತೆ ರೀ."

ಮುಖ ಊದಿಸಿಕೊಂಡು ಹೋದರು.

ಮಾರ್ಚ್ 6

ಹೊಟ್ಟೆಯ ಮುಂದೆ ಸಿಕ್ಕಿಸಿದರೆ ಕೂತಾಗ ಚುಚ್ಚುತ್ತದೆ. ಪಕ್ಕಕ್ಕೆ ಸೀಟ್ ಬೆಲ್ಟ್ ಅಡ್ಡ. ಕಾಲಿಗೆ ಕಟ್ಟಿದರೆ ಚಡ್ಡಿ ಹಾಕುವಂತಿಲ್ಲ. ಹಿಂದೆ ಸಿಕ್ಕಿಸಿಕೊಂಡು ಪೆಟ್ರೋಲ್ ಬಂಕಿಗೆ ಹೋದರು. ಅಲ್ಲಿನ ಟಾಯ್ಲೆಟ್ಟಿನಲ್ಲಿ ಕಮೋಡಿಗೆ ಬಿತ್ತಂತೆ. ಕೈ ಹಾಕಿ ತೆಗೆದರಂತೆ. ತಂದು ತೊಳೆದದ್ದು ಎಲ್ಲಿ? ನನ್ನ ಅಡುಗೆಮನೆ ಸಿಂಕಿನಲ್ಲಿ. ನಾನು ಪಾತ್ರೆ ತಿಕ್ಕುವ ಸ್ಪಂಜಿನಲ್ಲಿ!

ಪೆಥಾಲಜಿ ಲ್ಯಾಬಿನಲ್ಲಿ ದಿನವಿಡೀ ಊರವರ ಮಲದ ಡಬ್ಬಿ ತೆರೆಯುವವಳು ನಾನು. ಗ್ಲೋವ್ಸ್ ಬಿಚ್ಚಿ, ಕೈ ತೊಳೆದು ಮೊಸರನ್ನ ತಿನ್ನುತ್ತೇನೆ, ಏನೂ ಅನ್ನಿಸುವುದಿಲ್ಲ. ಇವತ್ತು ಊಟ ಸೇರಲಿಲ್ಲ.

ಮಾರ್ಚ್ 30, ಭಾನುವಾರ. ಯುಗಾದಿ

ಇಂಡೂರೂಪಿಲ್ಲಿ ಹತ್ತಿರ ಹಾಲ್‌ನಲ್ಲಿ ನಮ್ಮವರ ಹಬ್ಬದೂಟ. ಇವರು ಪಂಚೆ. ಪಂಚೆಗೆ ಬೆಲ್ಟ್ ಎಲ್ಲಿ? ಉಡಿದಾರಕ್ಕೇ ಸಿಕ್ಕಿಸಿಕೊಂಡಿದ್ದಾರೆ. ಮಗನಿಗೆ ದೃಷ್ಟಿ ತಾಕದಿರಲಿ ಅಂತ ಹೋದ ಸಲ ಮೈಸೂರಿಗೆ ಹೋದಾಗ ಅತ್ತೆ ತಾವೇ ಸೊಂಟಕ್ಕೆ ಕಟ್ಟಿದ ಕರಿ ದಾರ.

ಒಬ್ಬಟ್ಟು ಬಡಿಸಲು ಬಗ್ಗಿದರು. ದಾರ ಕಿತ್ತು ಪಿಸ್ತೂಲು ಶ್ರೀಕಂಠಯ್ಯ ಅಂಕಲ್ ಎಲೆಗೇ ಬಿತ್ತು. ಕೋಸಂಬರಿ ಮೇಲೆ.

ಸಾಲು ಪೂರ್ತಿ ತಿರುಗಿ ನೋಡಿತು. ಮಾನ ಹೋದರೂ ಹೋಗಲಿ, ಈಗಾದರೂ ಯಾರಾದರೂ ಉಗಿಯುತ್ತಾರೆ ಅಂದುಕೊಂಡೆ. ಇವರ ಆಫೀಸಿನ ರಮಾಕಾಂತ್ ಎತ್ತಿಕೊಂಡು, ತುಪ್ಪ ಒರೆಸಿ, ಕೈಯಲ್ಲಿ ತೂಗಿ ನೋಡಿದ. "ವೆಯ್ಟ್ ಸಖತ್ತಾಗಿದೆ ಗುರೂ! ಎಲ್ಲಿ ತಗೊಂಡ್ರಿ?" ಗಂಡಸರೆಲ್ಲ ಎಲೆ ಬಿಟ್ಟು ಎದ್ದು ಸುತ್ತ ನಿಂತರು. ಕೆಲವರು ಅಲ್ಲೇ ಫೋನಿನಲ್ಲಿ ಆರ್ಡರ್ ಕೂಡ ಮಾಡಿದರು. ಹಬ್ಬದ ದಿನ. ಕರ್ಮ.

ಅಂಕಲ್ ಒಬ್ಬರೇ ಕೂತಿದ್ದರು. "ಎಲೆ ಬದಲಾಯಿಸಮ್ಮಾ," ಅಂದರು.

ಸಂಜೆ ಪರ್ತ್‌ನಿಂದ ಮೈದುನ ಹರ್ಷನ ಫೋನ್. "ಅತ್ತಿಗೆ, ಇಲ್ಲಾಗಿದ್ರೆ ಅಣ್ಣನ್ನ ಒಳಗೆ ಹಾಕ್ತಿದ್ರು. ನಮ್ಮ ಸ್ಟೇಟಲ್ಲಿ ಅದು ಬ್ಯಾನ್." ಇವರು ಪಕ್ಕದಿಂದ ನಕ್ಕರು. "ಅದಕ್ಕೇ ಕಣೋ ಬ್ರಿಸ್ಬೇನು!"

ಏಪ್ರಿಲ್ 15, ಮಂಗಳವಾರ. ಸಂಜೆ

ಒಲೆ ಆರಿಸಿ ಬರೆಯಲು ಕೂತೆ.

ಎದುರುಮನೆ ಕ್ಯಾರೋಲ್. ಎಪ್ಪತ್ತು ದಾಟಿದೆ, ಒಬ್ಬರೇ ಇದ್ದಾರೆ. ಪ್ರತಿ ಮಂಗಳವಾರ ಕಸದ ಲಾರಿ ಹೋದಮೇಲೆ ನಮ್ಮ ಬಿನ್ ಅವರೇ ತಳ್ಳಿಕೊಂಡು ಬಂದು ಸೈಡ್ ಗೇಟಿನೊಳಗೆ ಇಟ್ಟು ಹೋಗುತ್ತಾರೆ. ನಾವು ಬಂದಾಗಿನಿಂದಲೂ ಹೀಗೇ. ಇವತ್ತು ತಡವಾಗಿ ಬಂದರು, ಕತ್ತಲಾಗುತ್ತಿತ್ತು. ಗೇಟ್ ಸದ್ದಾಯಿತು. ಇವರು ಹಿತ್ತಿಲ ಬಾಗಿಲಿನಿಂದ ಹಾರಿ ಹೋಗಿ, ಶರ್ಟ್ ಎತ್ತಿ ಪಿಸ್ತೂಲು ಎಳೆದು, ಎರಡೂ ಕೈಯಲ್ಲಿ ಹಿಡಿದು ನಿಂತರು. ವಿಡಿಯೋದಲ್ಲಿ ಕಲಿತ ಹಾಗೇ. ನಾನು ಹಿಂದೆಯೇ ಓಡಿದೆ.

ಮುದುಕಿ ಬಿನ್ ಬಿಟ್ಟು ಕೈ ಮೇಲೆತ್ತಿದರು. "ಇಟ್ಸ್ ಓನ್ಲಿ ಮೀ, ಲವ್. ಓನ್ಲಿ ಮೀ."

ಕಿರುಚಲಿಲ್ಲ. ಹಿಂದೆ ಹಿಂದೆ ಹೆಜ್ಜೆ ಇಟ್ಟು ಹೋದರು.

ಇವರು ಒಳಗೆ ಬಂದು ಹೇಳಿದ್ದು — "ನೋಡಿದ್ಯಾ ಎಷ್ಟು ಫಾಸ್ಟಾಗಿ ತೆಗ್ದೆ?"

ಏಪ್ರಿಲ್ 19, ಶನಿವಾರ

ರವೆ ಉಂಡೆ ತೆಗೆದುಕೊಂಡು ಕ್ಯಾರೋಲ್ ಮನೆಗೆ ಹೋದೆ. ಜಾಲರಿ ಬಾಗಿಲು ತೆರೆಯಲೇ ಇಲ್ಲ. ಅದರಾಚೆಯಿಂದಲೇ ಮಾತು. ಅದು ಆಟಿಕೆ ಕ್ಯಾರೋಲ್, ಬರೀ ಜೆಲ್ಲಿ ಗುಂಡು, ಕ್ಷಮಿಸಿ ಎಂದೆ. ನಾಚಿಕೆಯಿಂದ ಹಿಡಿಯಾಗಿದ್ದೆ.

ಇರಬಹುದು, ಪಿಸ್ತೂಲನ್ನು ನಾನು ನೋಡಲೇ ಇಲ್ಲ, ಅವನ ಮುಖವನ್ನೇ ನೋಡುತ್ತಿದ್ದೆ ಅಂದರು. ಆಮೇಲೆ, "ಹೀ ಲುಕ್ಡ್ ಸೋ ಪ್ಲೀಸ್ಡ್, ಲವ್."

ಖುಷಿಯಾಗಿದ್ದನಂತೆ. ನಾನು ಹಿಂದೆ ನಿಂತಿದ್ದೆ, ಬೆನ್ನು ಮಾತ್ರ ಕಂಡಿತ್ತು.

ಉಂಡೆ ಮೆಟ್ಟಿಲ ಮೇಲಿಟ್ಟು ಬಂದೆ. ಇನ್ನು 'ಇವರು' ಎಂದು ಬರೆಯಲು ಕೈ ಬರುತ್ತಿಲ್ಲ.

ಮೇ 13

ಬಿನ್ ರಸ್ತೆಯಲ್ಲೇ ಬಿದ್ದಿದೆ. ಸಿರಿ ಕೇಳಿದಳು, "ವೈ ಡಸಂಟ್ ಕ್ಯಾರೋಲ್ ಕಮ್ ಎನಿಮೋರ್?" ಅಪ್ಪನನ್ನು ಕೇಳು ಎಂದೆ. ಅಪ್ಪ ಫೋನ್ ನೋಡುತ್ತಿದ್ದ.

ಜೂನ್ 3

ಅಡಿಲೇಡ್ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು, ಸೀನಿಯರ್ ಪೋಸ್ಟ್. ಪೊಲೀಸ್ ಚೆಕ್ ಕೂಡ ಮುಗಿದಿದೆ. ಅಲ್ಲಿ ಇದೇ ಆಟಿಕೆಗೆ ಅಸಲಿ ಗನ್ನಿನ ಲೆಕ್ಕ. ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಸಿಕ್ಕರೆ ಕೇಸು. ನನ್ನ ಕೆಲಸವೂ ಹೋದಂತೆಯೇ. ಇದ್ದದ್ದು ಇದ್ದ ಹಾಗೆ ಹೇಳಿದೆ — "ಅದು ಅಲ್ಲಿಗೆ ಬಂದ್ರೆ ನಾನೂ ಸಿರಿನೂ ನಿಮ್ಜೊತೆ ಇರಲ್ಲ."

"ರಮಾಕಾಂತ್‌ಗೆ ಕೊಟ್ಬಿಟ್ಟೆ ಮಾರಾಯ್ತಿ. ಬಿಡು ಇನ್ನ."

ತನ್ನ ತಲೆ ಮೇಲೆ ಕೈ ಇಟ್ಟು ಆಣೆ ಮಾಡಿದ. ನಂಬಿದೆ. ಸಮಾಧಾನವೂ ಆಯಿತು, ಸುಳ್ಳೇಕೆ ಹೇಳಲಿ.

ಜೂನ್ 29, ಭಾನುವಾರ. ಅಡಿಲೇಡ್

ಸಾಮಾನು ನಿನ್ನೆ ಬಂತು. ಅವನು ಸಿರಿಯನ್ನು ಬೀಚಿಗೆ ಕರೆದುಕೊಂಡು ಹೋಗಿದ್ದಾನೆ. ಅನ್ನಕ್ಕಿಡಲು ನನ್ನ ಡಬ್ಬ ಬಿಚ್ಚಿದೆ. ಮೇಲೆ ಅವನದೇ ಕೈಬರಹ: "ಹಂಸಾ, ಅಡುಗೆಮನೆ". ಕುಕ್ಕರ್ ಭಾರವಿತ್ತು. ಮುಚ್ಚಳ ತೆಗೆದರೆ, ನನ್ನ ಸೀಮಂತದ ರೇಷ್ಮೆ ರವಿಕೆಯಲ್ಲಿ ಸುತ್ತಿ ಇಟ್ಟಿದ್ದಾನೆ. ಅದೇ. ಕಮೋಡಿಗೆ ಬಿದ್ದಿದ್ದು.

ರವಿಕೆ ಕೈಬಿಟ್ಟೆ. ಸಿಂಕಿಗೆ ಓಡಿ ಕೈ ತೊಳೆದೆ.

ಫೋನ್ ಮಾಡಿದೆ. ಹಿಂದೆ ಅಲೆಗಳ ಸದ್ದು, ಸಿರಿಯ ನಗು.

"ನನ್ನ ಡಬ್ಬದಲ್ಲಿ ಯಾಕಿಟ್ರಿ?"

"ಹೆಂಗಸರ ಪಾತ್ರೆ ಡಬ್ಬ ಯಾರೇ ನೋಡ್ತಾರೆ? ಸಿಕ್ಕಿದ್ರೂ ನಿನ್ನ ಯಾರೂ ಅನುಮಾನ ಪಡಲ್ಲ."

ನಗುತ್ತಲೇ ಹೇಳಿದ. ಆ ಮುಖ ಕ್ಯಾರೋಲ್‌ಗೆ ಕಂಡಿತ್ತು, ನನಗೆ ಈಗ ಕಂಡಿತು.

ರವಿಕೆ ಕಸಕ್ಕೆ ಹಾಕಿದೆ. ಕುಕ್ಕರೂ. ಪಿಸ್ತೂಲು ಕುಕ್ಕರಿನಿಂದ ಟೇಬಲ್ ಮೇಲೆ ಸುರಿದ ಹಾಗೇ ಇದೆ, ಮುಟ್ಟಿಲ್ಲ. ಪೊಲೀಸರಿಗೆ ಫೋನ್ ಹಚ್ಚಿದ್ದೇನೆ. ಹೋಲ್ಡ್‌ನಲ್ಲಿಟ್ಟು ಪಿಯಾನೋ ಕೇಳಿಸುತ್ತಿದ್ದಾರೆ. ಸುಮ್ಮನೆ ಕೂತರೆ ಫೋನ್ ಇಟ್ಟುಬಿಡುತ್ತೇನೇನೋ ಅಂತ ಬರೆಯುತ್ತಿದ್ದೇನೆ.

ಲೈನಿಗೆ ಒಬ್ಬಳು ಬಂದಳು. ಅದು ಯಾರದ್ದು ಅಂತ ಕೇಳುತ್ತಿದ್ದಾಳೆ. ಹೆಸರು ಒಂದೊಂದೇ ಅಕ್ಷರ ಬಿಡಿಸಿ ಹೇಳಬೇಕಂತೆ.

ಯು. ಟಿ. ಟಿ —