ಮಡಲ ತಟ್ಟಿಗೆ ಮನೆ ತೆರಿಗೆ

ಕಡವಿನ ಕೇರಿ, ಹಂಗಾರಕಟ್ಟೆ ದಾರಿ
ಏಪ್ರಿಲ್ 1967

ಮನೆ ತೆರಿಗೆ ನಿಗದಿ ಮಾಡುವ ಮಾನ್ಯ ಅಧಿಕಾರಿಗಳೇ,

ತೆಂಗಿನ ಮಡಲು ಗೋಡೆಯಲ್ಲ. ಈ ಒಂದು ಮಾತನ್ನು ನಿಮಗೆ ತಿಳಿಸಲು ಹೋಗಿ ನಮ್ಮ ಕೇರಿಯಲ್ಲಿ ಒಂದು ಜಗಲಿ ಸುಟ್ಟುಹೋಯಿತು. ಆದರೂ ನಿಮಗೆ ತಿಳಿದ ಹಾಗೆ ಕಾಣುವುದಿಲ್ಲ. ಹಾಗಾಗಿ ಊರೆಲ್ಲ ಓದಲಿ ಎಂದು ಈ ಪತ್ರ. ನಿಮ್ಮನ್ನು ಮಾತ್ರ ಬೈದು ಮುಗಿಸುವ ಯೋಗ್ಯತೆ ನನಗಿಲ್ಲ. ಅದು ಯಾಕೆಂದು ಮುಂದೆ ಹೇಳುತ್ತೇನೆ, ಸ್ವಲ್ಪ ತಾಳಿ. ನಿಮ್ಮ ಕಚೇರಿಯ ಬೆಂಚಿನ ಮೇಲೆ ನಾವು ತಾಳಿದಷ್ಟು ತಾಳಬೇಕಾಗಿಲ್ಲ.

ನಮ್ಮ ಕಡೆಯ ಮಳೆ ಮೇಲಿನಿಂದ ಬೀಳುವುದಕ್ಕಿಂತ ಕಡಲಿನಿಂದ ಅಡ್ಡಕ್ಕೆ ಬರುವುದೇ ಹೆಚ್ಚು. ಮಳೆ ಹಿಡಿಯುವ ಮೊದಲು ಪ್ರತಿ ಮನೆಯ ಹೆಂಗಸರು ತೆಂಗಿನ ಮಡಲು, ಅಂದರೆ ಗರಿ, ನೆಯ್ದು ಜಗಲಿಯ ಸುತ್ತ ತಟ್ಟಿ ಕಟ್ಟುತ್ತಾರೆ. ಅದರ ಮರೆಯಲ್ಲಿ ಬಲೆ, ಸೌದೆ, ಕೋಳಿ, ಒಣಗದ ಬಟ್ಟೆ ಎಲ್ಲವೂ ನಾಲ್ಕು ತಿಂಗಳು ಬದುಕುತ್ತವೆ. ನವರಾತ್ರಿಯ ಹೊತ್ತಿಗೆ ತಟ್ಟಿ ಬಿಚ್ಚಿ ಬಚ್ಚಲ ಒಲೆಗೆ ಹಾಕಿದರೆ ಅದರ ಕತೆ ಮುಗಿಯಿತು. ನಿಮ್ಮ ಅಳತೆಯವರು ನಮ್ಮ ಕೇರಿಗೆ ಬಂದದ್ದು ಕಳೆದ ಆಷಾಢದಲ್ಲಿ. ಕೊಡೆ ಮಡಚಲಿಲ್ಲ, ಜಗಲಿ ಹತ್ತಲಿಲ್ಲ. ಬಲೆ ಎಳೆಯುವ ಕರಿಯ ಮತ್ತು ಅವನ ಹೆಂಡತಿ ಗುಲಾಬಿಯ ಮನೆಯ ಜಗಲಿ ಮೂರು ಕಡೆ ಮುಚ್ಚಿದ್ದನ್ನು ಅಂಗಳದಿಂದಲೇ ನೋಡಿ, ಅದನ್ನು ಕೋಣೆ ಎಂದು ಬರೆದುಕೊಂಡರು. ನಡುವೆ ಬಲೆ ನೇತುಹಾಕಿತ್ತು. ಅದನ್ನು ಅಡ್ಡಗೋಡೆ ಎಂದುಕೊಂಡರೋ ಏನೋ, ಒಂದು ಕೋಣೆ ಎರಡಾಯಿತು!

ಗಣಪತಿ ಹಬ್ಬ ಕಳೆದ ಮೇಲೆ ನೋಟೀಸು ಬಂತು. ಕೇರಿಗೆ ಬರುವ ಸರ್ಕಾರದ ಕಾಗದವನ್ನೆಲ್ಲ ಓದಿ ಹೇಳುವವನು ನಾನೇ. ಸಂಘ ಕಟ್ಟಿದವನು, ನಾಲ್ಕು ಕಡೆ ಭಾಷಣ ಮಾಡಿದವನು, ನನಗೆ ತಿಳಿಯದ ಕಾನೂನಿಲ್ಲ ಎಂಬ ಭ್ರಮೆ ಅವರಿಗೂ ಇತ್ತು, ನನಗೂ ಇತ್ತು. ಮನೆಯನ್ನು ಬಾಡಿಗೆಗೆ ಕೊಟ್ಟರೆ ವರ್ಷಕ್ಕೆ ಎಷ್ಟು ಬಂದೀತು ಎಂದು ಕಚೇರಿಯವರು ಅಂದಾಜು ಮಾಡುತ್ತಾರೆ, ಆ ಅಂದಾಜಿನ ಮೇಲೆ ತೆರಿಗೆ ಹಾಕುತ್ತಾರೆ, ಕೋಣೆ ಹೆಚ್ಚಿದರೆ ಬಾಡಿಗೆ ಹೆಚ್ಚುತ್ತದೆ ಎಂಬುದು ಅವರ ಲೆಕ್ಕ ಎಂದು ಬಿಡಿಸಿ ಹೇಳಿದೆ. ಕರಿಯ ಅತ್ತಿತ್ತ ನೋಡಿದ.

"ಹ್ವಾಯ್ ಉಮಾನಾಥಣ್ಣ, ಮೆಲ್ಲ ಓದಿ. ಎರಡ್ ಕ್ವಾಣಿ ಹೆಚ್ಚಾಯ್ತ್ ಅಂದ್ ನಮ್ಮತ್ತೆಗ್ ಗೊತ್ತಾರೆ ನಾಳೆಯೇ ಗಂಟ್ ಕಟ್ಕಂಡ್ ಬತ್ರ್" ಎಂದ.

ಕೇರಿಯೆಲ್ಲ ನಕ್ಕಿತು. ನಾನು ನಗುವುದನ್ನು ಬಿಟ್ಟು ತಕರಾರು ಅರ್ಜಿ ಬರೆದೆ. ಸ್ಥಳ ತನಿಖೆ ಮಾಡಲಾಗುವುದು ಎಂದು ನಿಮ್ಮಿಂದ ಉತ್ತರ ಬಂತು. ಯಾವಾಗ ಎಂದು ಅದರಲ್ಲಿರಲಿಲ್ಲ.

ಅಲ್ಲಿ ನನ್ನ ಬುದ್ಧಿ ಕೆಟ್ಟಿತು, ಮಾನ್ಯರೇ. ತಟ್ಟಿ ಬಿಚ್ಚಿದರೆ ನಿಮ್ಮವರು ಬಂದು, ಗೋಡೆ ಇತ್ತು, ಈಗ ಕೆಡವಿದ್ದಾರೆ ಎಂದಾರು. ಇದ್ದ ಹಾಗೆಯೇ ಇದ್ದರೆ ಮುಟ್ಟಿ ನೋಡಲಿ, ಎಲೆಯೋ ಕಲ್ಲೋ ಅವರ ಬೆರಳಿಗೇ ತಿಳಿಯಲಿ. ಸಾಕ್ಷಿಯನ್ನು ನಾವೇ ಯಾಕೆ ಸುಡಬೇಕು? ಹೀಗೆಂದು ಬಾವಿಕಟ್ಟೆಯಲ್ಲಿ ನಿಂತು ಭಾಷಣ ಮಾಡಿದೆ. ಚೆನ್ನಾಗಿಯೇ ಮಾಡಿದೆ. ಗುಲಾಬಿ ಒಬ್ಬಳೇ ಒಪ್ಪಲಿಲ್ಲ.

"ಒಣಗಿದ್ ಮಡ್ಲ್ ಅಣ್ಣ, ಹಾಂಗೇ ಇಡೂಕಾಗ. ಬಿಚ್ಚಿ ಬಚ್ಲೊಲಿಗ್ ಹಾಕ್ತೆ" ಎಂದಳು.

ಬಿಚ್ಚಬೇಡ ಎಂದೆ. ಹೋರಾಟ ಎಂದರೆ ಸ್ವಲ್ಪ ಕಷ್ಟ ಇದ್ದದ್ದೇ ಎಂದೂ ಸೇರಿಸಿದೆ. ಉಳಿದವರು ನನ್ನ ಭಾಷಣಕ್ಕೆ ತಲೆದೂಗಿ, ಮನೆಗೆ ಹೋಗಿ, ನವರಾತ್ರಿಗೆ ಸುಮ್ಮನೆ ತಟ್ಟಿ ಬಿಚ್ಚಿದರು. ಒಪ್ಪದ ಗುಲಾಬಿ ಮಾತ್ರ ನನ್ನ ಮಾತು ನಡೆಸಿದಳು.

ನೀವು ಬರಲಿಲ್ಲ. ದೀಪಾವಳಿ ಹೋಯಿತು, ನೀವು ಬರಲಿಲ್ಲ. ಮೂಡುಗಾಳಿ ಶುರುವಾಯಿತು. ನಾನು ಎರಡು ಸಲ ಕಚೇರಿಗೆ ಬಂದೆ. ಜೀಪು ಕೆಟ್ಟಿದೆ ಎಂದರು, ಆಮೇಲೆ ಚುನಾವಣೆಯ ಕೆಲಸ ಎಂದರು. ಜನವರಿಯ ಒಂದು ಬೆಳಿಗ್ಗೆ ಗುಲಾಬಿ ಅಂಗಳದಲ್ಲಿ ಒಲೆ ಹೂಡಿ ಭತ್ತ ಬೇಯಿಸುತ್ತಿದ್ದಳು. ಗಾಳಿಗೆ ಒಂದು ಕಿಡಿ ಎದ್ದು ತಟ್ಟಿಗೆ ಬಿತ್ತು. ಬೇರೆ ವರ್ಷವಾಗಿದ್ದರೆ ಆ ಕಿಡಿ ಬರಿ ಜಗಲಿಯ ಸೆಗಣಿ ನೆಲದ ಮೇಲೆ ಬಿದ್ದು ಆರುತ್ತಿತ್ತು. ನಾವು ಕೊಡಪಾನ ಹಿಡಿದು ಓಡುವಷ್ಟರಲ್ಲಿ ಜಗಲಿಯ ಮಾಡು ಹೆಂಚುಸಮೇತ ಕುಸಿದಿತ್ತು. ಕರಿಯ ಸಾಲ ಮಾಡಿ ತಂದ ನೈಲಾನ್ ಬಲೆ ಕರಗಿ ಮುದ್ದೆಯಾಗಿತ್ತು. ಅದನ್ನು ಎಳೆಯಲು ಹೋದ ಗುಲಾಬಿಯ ಬಲಗೈ ಮೊಣಕೈವರೆಗೆ ಬೆಂದಿತ್ತು.

ಆಮೇಲೆ ನೀವು ಬಂದಿರಿ! ಜೀಪು ಸರಿಯಾಗಿತ್ತು. ನಿಮ್ಮವರು ಕರಿಕಂಬಗಳನ್ನು ನೋಡಿ ಬರೆದ ವರದಿ ನನ್ನ ಮುಂದಿದೆ: "ಗೋಡೆಗಳು ಸುಟ್ಟಿರುತ್ತವೆ." ಭಲೇ! ಮಣ್ಣಿನ ಗೋಡೆ ಸುಡುತ್ತದೆಯೇ? ಕಲ್ಲಿನ ಗೋಡೆ ಸುಡುತ್ತದೆಯೇ? ಸುಟ್ಟದ್ದೇ ಅದು ಎಲೆ ಎಂಬುದಕ್ಕೆ ಸಾಕ್ಷಿಯಲ್ಲವೇ? ಇದಕ್ಕಿಂತ ದೊಡ್ಡ ಸಾಕ್ಷಿಯನ್ನು ಬಡವರು ಎಲ್ಲಿಂದ ತರಬೇಕು? ಅಳತೆಯ ದಿನ ಕೋಣೆಗಳು ಇದ್ದುದರಿಂದ ತೆರಿಗೆ ಕೊಡಲೇಬೇಕು, ಇಲ್ಲವಾದರೆ ಜಪ್ತಿ ಎಂದು ಮೊನ್ನೆ ಮತ್ತೆ ಬರೆದಿದ್ದೀರಿ. ಆ ಮನೆಯಲ್ಲಿ ಜಪ್ತಿಗೆ ಉಳಿದಿರುವುದು ಭತ್ತ ಬೇಯಿಸಿದ ಹಂಡೆ ಒಂದೇ.

ಈಗ ನನ್ನ ಪಾಲು. ನವರಾತ್ರಿಯ ದಿನ ನನ್ನ ಮನೆಯ ತಟ್ಟಿಯನ್ನು ನನ್ನ ತಾಯಿ ಬಿಚ್ಚಿದರು. ನಾನು ಅಲ್ಲೇ ಕೂತು ಪತ್ರಿಕೆ ಓದುತ್ತಿದ್ದೆ, ತಡೆಯಲಿಲ್ಲ. ಒಣಗಿದ ಮಡಲು ಮನೆಗೆ ಅಪಾಯ ಎಂದು ಅವರಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಗೊತ್ತಿದ್ದೂ ಗುಲಾಬಿಯ ಜಗಲಿಯನ್ನು ಹೋರಾಟಕ್ಕೆ ಇಟ್ಟೆ, ನನ್ನ ಜಗಲಿಯನ್ನು ಇಡಲಿಲ್ಲ. ಕರಿಯ ಈಗ ಬೇರೆಯವರ ದೋಣಿಯಲ್ಲಿ ಕೂಲಿಗೆ ಹೋಗುತ್ತಾನೆ. ದಾರಿಯಲ್ಲಿ ಸಿಕ್ಕರೆ ಮೊದಲಿನ ಹಾಗೆಯೇ ಮಾತಾಡುತ್ತಾನೆ. ಒಂದು ಸಲ ಬೈದಿದ್ದರೆ ನನಗೆ ರಾತ್ರಿ ನಿದ್ದೆ ಬರುತ್ತಿತ್ತು.

ಕಳೆದ ವಾರ ಗುಲಾಬಿ ನನ್ನ ಅಂಗಳಕ್ಕೆ ಬಂದಳು. ಕೈಯ ಚರ್ಮ ಇನ್ನೂ ಬಿಗಿದಿದೆ, ಬೆರಳು ಪೂರ್ತಿ ಮಡಚುವುದಿಲ್ಲ. ನೆರೆಯ ಜಲಜ ಮಡಲು ನೆಯ್ದು ಕೊಡಲು ಒಪ್ಪಿದ್ದಾಳಂತೆ.

"ಉಮಾನಾಥಣ್ಣ, ಈ ಸಲ ತಟ್ಟಿ ಕಟ್ಟುದಾ, ಬ್ಯಾಡ್ದಾ? ಕಚೇರಿಯವ್ರ್ ಹತ್ರ ಒಂದ್ ಸಲ ಕೇಂಡ್ ಹೇಳಿ."

ಅದನ್ನೇ ಕೇಳುತ್ತಿದ್ದೇನೆ. ಕಟ್ಟಿದರೆ ನಿಮ್ಮ ತೆರಿಗೆ ಒಳಗೆ ಬರುತ್ತದೆ, ಕಟ್ಟದಿದ್ದರೆ ಮಳೆ ಒಳಗೆ ಬರುತ್ತದೆ. ಅವಳಿಗೆ ಸಲಹೆ ಕೊಡುವ ಹಕ್ಕು ನನಗೆ ಉಳಿದಿಲ್ಲ. ಆ ಎರಡು ಕೋಣೆಗಳನ್ನು ನಿಮ್ಮ ಪುಸ್ತಕದಿಂದ ಹೊಡೆದುಹಾಕಿ. ಮಡಲ ತಟ್ಟಿ ಗೋಡೆಯಲ್ಲ ಎಂದು ಮಳೆ ಹಿಡಿಯುವ ಮೊದಲು ಸಹಿ ಹಾಕಿ ಕಳಿಸಿ. ಹಂಡೆ ಜಪ್ತಿಗೆ ಬರುವುದಾದರೆ ಅವಳ ಮನೆ ದಾಟಿ ನನ್ನ ಮನೆಗೆ ಬನ್ನಿ, ನಮ್ಮಲ್ಲೂ ಒಂದು ಹಂಡೆ ಇದೆ. ಗುಲಾಬಿಗೆ ಉತ್ತರವನ್ನು ನೇರವಾಗಿ ಅವಳ ಹೆಸರಿಗೇ ಬರೆಯಿರಿ. ಓದಿ ಹೇಳಲು ಈ ಸಲ ಬೇರೆ ಯಾರನ್ನಾದರೂ ಕರೆಯಲಿ.

ಇಂತಿ,
ಬಿಚ್ಚಬೇಡ ಎಂದು ಹೇಳಿ, ತನ್ನ ಮನೆಯ ತಟ್ಟಿ ಬಿಚ್ಚುವುದನ್ನು ನೋಡುತ್ತ ಕೂತಿದ್ದ
ಉಮಾನಾಥ