ಹಳೆಯ ಧೋತರದ ಹದಿನಾರು ಬಿಲ್ಲೆಗಳು

ಉಮರಗಾ
ನಳನಾಮ ಸಂವತ್ಸರ, ಮಾಘ ಶುದ್ಧ ಪಂಚಮಿ

ಪ್ರೀತಿಯ ಅತ್ತೆಯವರಿಗೆ, ನಿಮ್ಮ ಸೊಸೆ ಮೀರಾಬಾಯಿ ಮಾಡುವ ಶರಣು.

ನಿಮ್ಮ ಚಳಿಗಾಲದ ಕೆಮ್ಮು ಹೇಗಿದೆ? ಮಾವನವರ ಮೊಣಕಾಲನ್ನು ಈ ಥಂಡಿ ಹಿಡಿದಿದೆಯೋ, ಬಿಟ್ಟಿದೆಯೋ? ನಿಮ್ಮ ಮಗ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದಾರೆ ಎಂದು ಯಾರು ಹೇಳಿದರೂ ನಾನು ನಂಬುವುದಿಲ್ಲ. ಜೋಳದ ಹೊಲಕ್ಕೆ ಹೋದರೆ ಅವರಿಗೆ ಹೊಟ್ಟೆಯ ನೆನಪಿರುವುದಿಲ್ಲ, ನೀವೇ ಗದರಿಸಿ ಕರೆಸಬೇಕು. ಇಲ್ಲಿ ನಾನೂ ನಿಮ್ಮ ಮೊಮ್ಮಗಳೂ ಈಗ ಚೆನ್ನಾಗಿದ್ದೇವೆ. ಮಠದ ರಾಚಯ್ಯನವರು ಬಂದು ಕೂಸಿಗೆ ಲಿಂಗ ಕಟ್ಟಿ ಹೋದರು. ಮೂಗು ನಿಮ್ಮದೇ, ಅದರಲ್ಲಿ ಯಾರಿಗೂ ತಕರಾರಿಲ್ಲ. ‘ಈಗ’ ಎಂದು ಬರೆದದ್ದಕ್ಕೆ ಗಾಬರಿಯಾಗಬೇಡಿ. ನಡುವೆ ಸ್ವಲ್ಪ ಕಷ್ಟವಾಗಿತ್ತು, ಅದನ್ನು ಹೇಳಲೆಂದೇ ಕೂತಿದ್ದೇನೆ. ನಿಮ್ಮಲ್ಲಿಗೆ ಬಂದ ಮೊದಲ ವರ್ಷ ನನ್ನ ಕೈಗೆ ಬಳಪ ಕೊಟ್ಟು ಅಕ್ಷರ ತಿದ್ದಿಸಿದವರು ನೀವು. ಈ ಮನೆಯಲ್ಲಿ ಓದು ಬರೆಹ ಬರುವವಳು ನಾನೊಬ್ಬಳೇ, ಆದ್ದರಿಂದ ಯಾರ ಅಂಜಿಕೆಯೂ ಇಲ್ಲದೆ ಎಲ್ಲವನ್ನೂ ಬರೆಯುತ್ತಿದ್ದೇನೆ. ಇದು ಹೆಂಗಸರ ವಿಷಯ, ಮಾವನವರ ಮುಂದೆ ಮಾತ್ರ ಬಿಚ್ಚಬೇಡಿ.

ಸೀಮಂತದ ಕುಬಸ ಮುಗಿಸಿ ನಾನು ತವರಿಗೆ ಹೊರಟ ದಿನ ನೀವು ನನ್ನ ಪೆಟ್ಟಿಗೆಯ ತಳದಲ್ಲಿ ಒಂದು ಗಂಟು ಇಟ್ಟು, “ಕೂಸು ಹುಟ್ಟಿದ ಮ್ಯಾಲ ಬಿಚ್ಚು, ಬೇಕಾಗತಾವ” ಎಂದಿರಿ. ಗಾಡಿಯ ಹತ್ತಿರ ಗಂಡಸರು ನಿಂತಿದ್ದರು. ನೀವು ಹೆಚ್ಚು ಹೇಳಲಿಲ್ಲ, ನಾನೂ ಕೇಳಲಿಲ್ಲ. ಹೆರಿಗೆಯಾದ ಐದನೆಯ ದಿನ ಓಣಿಯ ಹೆಂಗಸರು ನೋಡಲು ಬಂದಾಗ ಅವ್ವನಿಗೆ ಎಲ್ಲಿಲ್ಲದ ಉತ್ಸಾಹ. ಬೀಗರು ಏನೇನು ಕೊಟ್ಟಿದ್ದಾರೆಂದು ತೋರಿಸಲು ಪೆಟ್ಟಿಗೆಯನ್ನು ನಡುಮನೆಗೆ ಎಳೆದು, ನಿಮ್ಮ ಗಂಟನ್ನು ಎಲ್ಲರ ಮುಂದೆ ಬಿಚ್ಚಿದಳು. ಹಳೆಯ ಧೋತರ ಕತ್ತರಿಸಿ ಹೊಲಿದ, ಅಂಗೈಯಗಲದ ಹದಿನಾರು ಬಿಲ್ಲೆಗಳು ಉದುರಿದವು. ಒಂದು ಹೊಸ ಎಳೆಯೂ ಇರಲಿಲ್ಲ. ಪಕ್ಕದ ಮನೆಯ ಕಸ್ತೂರಬಾಯಿ ಬಾಯಿ ಮುಚ್ಚಿಕೊಳ್ಳುವ ಹೆಣ್ಣಲ್ಲ. “ನಿಲಂಗಾದಾಗ ಅರಿಬಿಗೆ ಬರ ಬಂದಂಗ ಕಾಣತದ” ಎಂದು ನಕ್ಕಳು. ಬಸುರಿಗೆ ಉಟ್ಟು ಬಿಟ್ಟ ಅರಿವೆ ಕೊಟ್ಟರೆಂದು ಅವ್ವನ ಮುಖ ಕೆಂಪಾಯಿತು. ನಿಜ ಹೇಳುತ್ತೇನೆ, ನನಗೂ ನಾಚಿಕೆಯಾಯಿತು. ಮರುದಿನವೇ ಅವ್ವ ಆ ಗಂಟನ್ನು ನಿಮ್ಮ ನಿಲಂಗಾದ ಕಡೆ ಕುರಿ ಹೊಡೆದುಕೊಂಡು ಹೊರಟಿದ್ದ ನಾಗಣ್ಣನ ಕೈಗೆ ಕೊಟ್ಟು, “ನಮ್ಮ ಮನ್ಯಾಗ ನೆಲ ಒರಸಾಕ ಅರಿಬಿ ಅದಾವಂತ ಹೇಳು” ಎಂದು ಕಳಿಸಿದಳು. ನಾನು ಕೋಣೆಯಲ್ಲಿ ಮಲಗಿ ಕೇಳಿಸಿಕೊಂಡೆ. ಬೇಡ ಎನ್ನಲಿಲ್ಲ. ಅದು ನನ್ನ ತಪ್ಪು, ಅವ್ವನೊಬ್ಬಳದೇ ಅಲ್ಲ. ನಾಗಣ್ಣ ತಿರುಗಿ ಬಂದು, ತೊಟ್ಟಿಲ ದಿನ ನೀವು ಈ ಹೊಸ್ತಿಲು ತುಳಿಯುವುದಿಲ್ಲ ಎಂದಿದ್ದೀರೆಂದು ಹೇಳಿದಾಗ ನನ್ನ ಎದೆ ಒಡೆಯಿತು. ಆದರೂ ನಿಮ್ಮ ಮೇಲೆ ಸಿಟ್ಟು ಬರಲಿಲ್ಲ.

ಬಾಣಂತಿಗೆಂದು ಕುಡಿಸಿದ ಅಳವಿ ಬೀಜದ ಪಾಯಸದ ಮಹಿಮೆಯೋ ಏನೋ, ನನಗೆ ಹಾಲು ಹೇಗೆ ಬಂತೆಂದರೆ ಕೂಸು ಆ ಕೋಣೆಯಲ್ಲಿ ಅತ್ತರೆ ಈ ಕೋಣೆಯಲ್ಲಿ ನನ್ನ ಕುಪ್ಪಸ ತೊಯ್ಯುತ್ತಿತ್ತು. ಈ ಚಳಿಯಲ್ಲಿ ಒದ್ದೆ ಕುಪ್ಪಸ ತೊಟ್ಟು ನಡುಗುತ್ತಿದ್ದೆ. ಅಪ್ಪ ಜೋಳ ಮಾರಲು ಉದಗೀರಕ್ಕೆ ಹೋದವರು ಅವ್ವನ ಮಾತಿನಂತೆ ಒಳ್ಳೆಯ ಮಲಮಲ್ ಬಟ್ಟೆ ತಂದರು. ನೋಡುವವರಿಗೆ ಹೊಸದಾಗಿಯೇ ಕಾಣಬೇಕೆಂದು ಅವ್ವ ಅದನ್ನು ಒಗೆಯದೆ, ಗಂಜಿ ಇದ್ದಂತೆಯೇ ಮಡಚಿ ಎದೆಗೆ ಇಟ್ಟಳು. ಅದು ಹಾಲು ಹೀರಲೇ ಇಲ್ಲ. ಹಾಲು ಅದರ ಕೆಳಗಿಂದ ಹರಿದು ಹೊಟ್ಟೆಗೆ ಇಳಿಯುತ್ತಿತ್ತು. ತುಸು ಒಣಗಿದರೆ ತೊಟ್ಟಿಗೆ ಅಂಟಿಕೊಳ್ಳುತ್ತಿತ್ತು. ಕಿತ್ತಾಗಲೆಲ್ಲ ಚರ್ಮ ಸುಲಿದು ರಕ್ತ ಬಂತು. ನೋವಿಗೆ ಅಂಜಿ ಬಲಗಡೆ ಕೂಸನ್ನು ಹಾಕುವುದನ್ನೇ ಬಿಟ್ಟೆ. ಮೂರು ದಿನಕ್ಕೆ ಆ ಮೊಲೆ ಕಲ್ಲಾಯಿತು, ಜ್ವರ ಬಂತು. ಒಂದೇ ಕಡೆಯ ಹಾಲು ಸಾಲದೆ ಕೂಸು ಅತ್ತತ್ತು ಬಾಡಿತು. ಇವಳನ್ನು ಉಳಿಸಿಕೊಳ್ಳುತ್ತೇನೋ ಇಲ್ಲವೋ ಎಂಬ ಭಯ ನನ್ನನ್ನು ತಿಂದು ಹಾಕಿತು.

ನನಗೂ ಕೂಸಿಗೂ ನೀರೆರೆಯಲು ಬರುವ ಮಲಕಮ್ಮ ನಾಗಣ್ಣನ ತಾಯಿ. ಬೀರಪ್ಪನ ಒಕ್ಕಲು, ನನ್ನನ್ನೂ ಹುಟ್ಟಿದಾಗ ಎರೆದ ಮುದುಕಿ. ನಡುವೆ ಬೇರೆ ಊರಿಗೆ ಹೋಗಿದ್ದವಳು ಅಂದು ತಿರುಗಿ ಬಂದಳು. ನನ್ನ ಎದೆ ನೋಡಿ, ಮಲಮಲ್ ತುಂಡನ್ನು ಎತ್ತಿ ಎಸೆದು, “ಇದು ಮದವಿಗೆ ಉಡೂ ಅರಿಬಿ, ಮೊಲಿಗೆ ಇಡೂದಲ್ಲ” ಎಂದಳು. ಬಿಸಿನೀರಿನ ಅರಿವೆಯಿಂದ ಕಾವು ಕೊಟ್ಟು, ಮೆತ್ತಗೆ ಒತ್ತಿ, ಕೂಸಿನ ಬಾಯಿಯನ್ನು ಕಲ್ಲಾದ ಮೊಲೆಗೇ ಹಿಡಿಸಿದಳು. ನಾನು ಹಲ್ಲು ಕಚ್ಚಿಕೊಂಡೆ. ಆಮೇಲೆ ತನ್ನ ಸೆರಗಿನ ಗಂಟು ಬಿಚ್ಚಿ ನಾಲ್ಕು ಬಿಲ್ಲೆ ತೆಗೆದಳು. ನಿಮ್ಮವೇ. ಅವ್ವ ಕಳಿಸಿದ ಗಂಟು ಒಂದು ರಾತ್ರಿ ಅವಳ ಮನೆಯಲ್ಲಿತ್ತಂತೆ. ಬಿಚ್ಚಿ ನೋಡಿದವಳೇ ನಾಲ್ಕನ್ನು ತೆಗೆದಿಟ್ಟುಕೊಂಡಿದ್ದಳು. “ಕಳವು ಮಾಡೀನಿ, ಬೈತಿದ್ರ ಬೈರಿ. ಇದನ್ನ ಹೊಲಿದಾಕಿ ಈ ತ್ರಾಸ ತಾನೂ ಉಂಡಾಳ. ಇಲ್ಲಂದ್ರ ದಾರದ ಗಂಟು ಎಲ್ಲಾ ಮೈಗೆ ತಾಕದ ಒಂದೇ ಮಗ್ಗಲಿಗೆ ಯಾಕ ಹಾಕತಿದ್ಳು?” ಎಂದಳು. ಅತ್ತೆಯವರೇ, ನಿಮ್ಮಲ್ಲಿಗೆ ಹನ್ನೆರಡೇ ಬಂದಿದ್ದರೆ ನಾಗಣ್ಣನ ಮೇಲೆ ಸಂಶಯ ಪಡಬೇಡಿ.

ಎರಡು ಎದೆಯ ಮೇಲೆ, ಎರಡು ಕೆಂಡದ ಮಡಕೆಯ ಬಳಿ ಒಣಗುವುದು, ಹೀಗೆ ನಾಲ್ಕರಲ್ಲೇ ನನ್ನ ಜೀವ ಉಳಿಯಿತು. ತೊಯ್ದ ಕೂಡಲೇ ಬದಲಿಸುತ್ತೇನೆ, ಒಣಗಲು ಬಿಡುವುದಿಲ್ಲ. ಒಂದೂ ಅಂಟಲಿಲ್ಲ. ಐದನೆಯ ದಿನಕ್ಕೆ ಗಾಯ ಮಾಯಿತು. ಈಗ ನಿಮ್ಮ ಮೊಮ್ಮಗಳು ಎರಡೂ ಕಡೆ ಕುಡಿದು ಸೊಕ್ಕಿನಿಂದ ಮಲಗುತ್ತಾಳೆ. ಕಳೆದ ಮಳೆಗಾಲವೆಲ್ಲ ನೀವು ಪಡಸಾಲೆಯಲ್ಲಿ ಕೂತು ಮಾವನವರ ಧೋತರವನ್ನು ಬೂದಿನೀರಲ್ಲಿ ಕುದಿಸುತ್ತ, ಒಗೆಯುತ್ತ, ಹೊಲಿಯುತ್ತ ಇದ್ದಿರಿ. ಒಂದೊಂದನ್ನೂ ಮುಗಿಸಿ ಕೆನ್ನೆಗೆ ತಿಕ್ಕಿಕೊಳ್ಳುತ್ತಿದ್ದಿರಿ. ಬೆವರು ಒರೆಸಿಕೊಳ್ಳುತ್ತೀರೆಂದು ತಿಳಿದಿದ್ದೆನಲ್ಲ, ನನ್ನಂಥ ದಡ್ಡಿ ಇನ್ನೊಬ್ಬಳಿಲ್ಲ. ಎಲ್ಲಿ ಒತ್ತುತ್ತದೆಂದು ನೀವು ನನಗಾಗಿ ನೋಡುತ್ತಿದ್ದಿರಿ. ನನ್ನ ಹೆತ್ತವಳಿಗೂ ಹೊಳೆಯದ್ದನ್ನು ನೀವು ಮೂರು ತಿಂಗಳು ಮುಂಚೆ ಯೋಚಿಸಿದಿರಿ. ಈ ಉಪಕಾರ ನಾನು ಸಾಯುವವರೆಗೆ ಮರೆಯುವುದಿಲ್ಲ.

ಜ್ವರದಿಂದಾಗಿ ತೊಟ್ಟಿಲನ್ನು ಇದೇ ಮಾಘದ ಭಾರತ ಹುಣ್ಣಿಮೆಗೆ ಮುಂದೂಡಿದ್ದಾರೆ. ನನಗೆ ನಾದಿನಿಯರಿಲ್ಲ, ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವರು ನೀವೇ. ನೀವು ಬಾರದಿದ್ದರೆ ಬೇರೆಯವರಿಂದ ಹೇಳಿಸುವುದಿಲ್ಲವೆಂದು ನಾನು ಇಲ್ಲಿ ಹಟ ಹಿಡಿದಿದ್ದೇನೆ. ನಿಮ್ಮ ಮೊಮ್ಮಗಳು ಹೆಸರಿಲ್ಲದೆ ಬೆಳೆಯಬೇಕೋ ಬೇಡವೋ ನೀವೇ ಹೇಳಿ. ಮಾವನವರಿಗೆ ನನ್ನ ಶರಣು, ನಿಮ್ಮ ಮಗನಿಗೆ ಬೇಗ ಬರಲು ಹೇಳಿ. ಗಾಡಿ ಕಟ್ಟಿದ್ದಾರೆ, ಪತ್ರ ಇಲ್ಲಿಗೆ ನಿಲ್ಲಿಸುತ್ತೇನೆ.

ನಿಮ್ಮ ಮಗಳಂಥ ಸೊಸೆ,
ಮೀರಾಬಾಯಿ

ತಾ.ಕ.: ಇದನ್ನು ಗಟ್ಟಿಯಾಗಿ ಓದಬೇಡಿ. ಪತ್ರ ತಂದು ನಿಮ್ಮೆದುರು ನಿಂತವಳು ಅವ್ವ. ಬರೀ ಕ್ಷೇಮಸಮಾಚಾರ ಬರೆದಿದ್ದೇನೆಂದು ತಿಳಿದಿದ್ದಾಳೆ. ನಿಮ್ಮೂರ ನೀಲಕಂಠೇಶ್ವರನಿಗೆ ಹರಕೆ ಇದೆ ಎಂದು ಎಲ್ಲರಿಗೂ ಹೇಳಿ ಹೊರಟಿದ್ದಾಳೆ, ಆದರೆ ಅವಳ ಕಂಕುಳಲ್ಲಿರುವುದು ಅಪ್ಪನ ಹಳೆಯ ಧೋತರ. ಏಳು ಸಲ ಬೂದಿನೀರಲ್ಲಿ ಒಗೆದು, ಸೊಟ್ಟಸೊಟ್ಟ ಕತ್ತರಿಸಿ, ಹೊಲಿಯಲು ಬಾರದೆ ಎರಡು ಸಲ ಅತ್ತಿದ್ದಾಳೆ. ತಪ್ಪಾಯಿತು ಎನ್ನಲು ಅವಳಿಗೆ ಬಾಯಿ ಬರುವುದಿಲ್ಲ, ನೀವು ಕೇಳಲೂ ಬೇಡಿ. ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸೂಜಿ ಕೊಡಿ. ದಾರ ನೀವೇ ಪೋಣಿಸಿ, ಅವಳಿಗೆ ಕಣ್ಣು ಮಂಜು.